ಮೂರನೇ ಗುಂಡಿಗೆ ಸಿಕ್ಕಿಕೊಳ್ಳುವ ಪಿಸ್ತೂಲು

ನಮ್ಮಲ್ಲಿ ಬಹುತೇಕರು ಪಿಸ್ತೂಲು ನೋಡಿರೋದು ಸಿನಿಮಾದಲ್ಲಿ. ಅಲ್ಲಿ ಅದು ಕೈಕೊಡೋದೇ ಇಲ್ಲ. ಕೊಟ್ಟರೂ ವಿಲನ್ ಕೈಲಿದ್ದಾಗ ಮಾತ್ರ. ಲೈಸೆನ್ಸ್ ಇರುವ, ವರ್ಷಗಟ್ಟಲೆ ಕಬ್ಬಿಣದ ಬೀರುವಿನಲ್ಲಿ ಸೀರೆಗಳ ಹಿಂದೆ ಮಲಗಿರುವ ನಿಜವಾದ ಪಿಸ್ತೂಲಿನ ಕಥೆ ಬೇರೆ. ಕಿರುಗಾವಲಿನ ನಮ್ಮ ದೊಡ್ಡಪ್ಪನ ಹತ್ತಿರ ಅಂಥದ್ದೊಂದಿದೆ. ಪಾಯಿಂಟ್ 32, ಹಳೇ ಫಾರಿನ್ ಮಾಲು. ಹೋದ ವರ್ಷ ರೈಫಲ್ ರೇಂಜೊಂದರಲ್ಲಿ ಹತ್ತು ಗುಂಡು ಹಾರಿಸಿದರು, ಮೂರು ಸಲ ಸಿಕ್ಕಿಕೊಂಡಿತು. ಅವತ್ತಿನಿಂದ ಮನೆಯಲ್ಲಿ ಒಂದೇ ಚರ್ಚೆ: ರಿಪೇರಿ ಮಾಡಿಸೋದಾ, ಮಾಡಿಫೈ ಮಾಡಿಸೋದಾ, ಮಾರೋದಾ? ಇಂಜಿನಿಯರ್ ಅನ್ನೋ ಕಾರಣಕ್ಕೆ ತೀರ್ಪು ನನ್ನ ತಲೆಗೆ ಬಂತು. ಊರಲ್ಲಿ ಮಿಕ್ಸಿ ಕೆಟ್ಟರೂ ನನ್ನನ್ನೇ ಕೇಳೋದು, ಬಿಡಿ.

ಮೊದಲು ಅದು ಯಾಕೆ ಸಿಕ್ಕಿಕೊಳ್ಳುತ್ತೆ ಅಂತ ನೋಡೋಣ. ಪಿಸ್ತೂಲಿನಲ್ಲಿ ಗುಂಡು ಹಾರಿದ ಒತ್ತಡಕ್ಕೇ ಮೇಲಿನ ಸ್ಲೈಡ್ ಹಿಂದಕ್ಕೆ ಹೋಗಬೇಕು, ಖಾಲಿ ಕಾಡತೂಸನ್ನು ಹೊರಗೆಸೆಯಬೇಕು, ಸ್ಪ್ರಿಂಗ್ ಬಲಕ್ಕೆ ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಹೊಸದೊಂದನ್ನು ಎಳೆದುಕೊಂಡು ಒಳಗೆ ಕೂರಿಸಬೇಕು. ಇಷ್ಟೂ ಕಣ್ಣುಮುಚ್ಚಿ ಬಿಡೋದರೊಳಗೆ ಆಗಬೇಕು. ಸ್ಪ್ರಿಂಗ್ ಸೋತಿದ್ದರೆ, ಮ್ಯಾಗಜಿನ್ ಬಾಯಿ ಕೂದಲೆಳೆಯಷ್ಟು ಅಗಲವಾಗಿದ್ದರೆ, ಕಾಡತೂಸು ಹಳೆಯದಾಗಿದ್ದರೆ, ಹಿಡಿದ ಕೈ ಸಡಿಲವಿದ್ದರೆ, ಎಲ್ಲಿ ಬೇಕಾದರೂ ಎಡವಬಹುದು. ರಿವಾಲ್ವರ್ ಆದರೆ ಗುಂಡು ಸಿಡಿಯದಿದ್ದರೂ ಇನ್ನೊಂದು ಸಲ ಟ್ರಿಗರ್ ಒತ್ತಿದರೆ ಮುಂದಿನದು ತಿರುಗಿ ಬರುತ್ತೆ. ಪಿಸ್ತೂಲಿಗೆ ಎರಡನೇ ಕೈ ಬೇಕು, ಅಭ್ಯಾಸ ಬೇಕು, ಅದಕ್ಕಿಂತ ಹೆಚ್ಚಾಗಿ ಸಮಾಧಾನ ಬೇಕು. ಕಳ್ಳ ಎದುರಿಗೆ ನಿಂತಿರುವಾಗ ಅರವತ್ತೆಂಟು ವರ್ಷದ ದೊಡ್ಡಪ್ಪನಿಂದ ಈ ಮೂರನ್ನೂ ನಿರೀಕ್ಷಿಸೋದು ಕಷ್ಟ.

ಮಾಡಿಫೈ ಮಾಡಿಸೋದು ದೊಡ್ಡಪ್ಪನ ಮಗನ ಆಸೆ. ಯೂಟ್ಯೂಬ್ ನೋಡಿ ಬುಲೆಟ್ ಬೈಕಿನ ಲೆಕ್ಕದಲ್ಲಿ ಮಾತಾಡ್ತಾನೆ. ಹಿಡಿಯ ಪಟ್ಟಿ ಬದಲಿಸೋದು ಬೇರೆ ಮಾತು. ಅದರಾಚೆ ಹೋದರೆ ಕಾನೂನು ಕಾಯ್ತಾ ಇರುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡೋ ಹಾಗಿಲ್ಲ. 8ನೇ ಸೆಕ್ಷನ್ ಪ್ರಕಾರ ಅದರ ಮೇಲೆ ಕೊರೆದ ನಂಬರನ್ನು ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಪಾಲಿಶ್ ಹೊಡೆಸೋ ಉತ್ಸಾಹದಲ್ಲಿ ಆ ನಂಬರು ಸವೆದು ಹೋದರೆ ಯಾರಿಗೆ ಉತ್ತರ ಹೇಳೋದು? 9 ಎಂಎಂ ನಮ್ಮಲ್ಲಿ ನಾಗರಿಕರಿಗೆ ನಿಷಿದ್ಧ ಅಳತೆ, ಆ ಯೋಚನೆಯೂ ಬೇಡ. ಇಷ್ಟಕ್ಕೂ ಸಿಕ್ಕಿಕೊಳ್ಳೋ ಪಿಸ್ತೂಲಿಗೆ ಹೊಸ ಹಿಡಿ ಹಾಕಿಸೋದು, ಕ್ರ್ಯಾಶ್ ಆಗೋ ಆಪ್‌ಗೆ ಡಾರ್ಕ್ ಮೋಡ್ ಕೊಟ್ಟ ಹಾಗೆ.

ರಿಪೇರಿ ಗಂಭೀರವಾದ ದಾರಿ. ಆದರೆ ಊರಿನ ಲೇತ್ ವರ್ಕ್‌ಶಾಪಿನಲ್ಲಿ ಮಾಡಿಸೋ ಕೆಲಸ ಅಲ್ಲ. ಕೋವಿ ರಿಪೇರಿ ಮಾಡೋಕೂ 5ನೇ ಸೆಕ್ಷನ್ ಕೆಳಗೆ ಲೈಸೆನ್ಸ್ ಇರಬೇಕು. ಮೈಸೂರಿನಲ್ಲಿ ಅಂಥ ಒಬ್ಬರಿಗೆ ತೋರಿಸಿದೆವು. ಬಿಚ್ಚಿ, ಒರೆಸಿ, ಕನ್ನಡಕ ಏರಿಸಿ ನೋಡಿ, ‘ಸ್ಪ್ರಿಂಗ್ ಮಾಡಿ ಹಾಕಬಹುದು ಸಾರ್, ಮ್ಯಾಗಜಿನ್ನೇ ಪ್ರಾಬ್ಲಂ, ಒರಿಜಿನಲ್ ಎಲ್ಲಿ ಸಿಗುತ್ತೆ?’ ಅಂದರು. 1980ರ ದಶಕದ ಮಧ್ಯದಲ್ಲಿ ನಾಗರಿಕರಿಗೆ ವಿದೇಶಿ ಬಂದೂಕುಗಳ ಆಮದು ನಿಂತುಹೋಯಿತು. ಹಾಗಾಗಿ ಹಳೇ ಫಾರಿನ್ ಪಿಸ್ತೂಲುಗಳಿಗೆ ಸ್ಪೇರ್ ಸಿಗಲ್ಲ, ಬೆಲೆ ಮಾತ್ರ ಲಕ್ಷಗಳಲ್ಲಿ ಏರ್ತಾ ಇದೆ.

ಸರಿ, ರಿಪೇರಿ ಆಯ್ತು ಅಂತಲೇ ಇಟ್ಟುಕೊಳ್ಳೋಣ. ಸರಿಹೋಗಿದೆ ಅಂತ ಗೊತ್ತಾಗೋದು ಹೇಗೆ? ಆಗಾಗ ಬಂದು ಹೋಗೋ ಬಗ್ ಎಷ್ಟು ಕಷ್ಟ ಅಂತ ನಮ್ಮ ಫೀಲ್ಡ್‌ನವರಿಗೆ ಗೊತ್ತು. ಒಂದು ಸಲ ಓಡಿತು ಅಂತ ಟಿಕೆಟ್ ಕ್ಲೋಸ್ ಮಾಡೋಕೆ ಆಗಲ್ಲ. ಅನುಭವ ಇರೋ ಶೂಟರ್‌ಗಳು ಒಂದು ಪಿಸ್ತೂಲನ್ನು ನಂಬೋ ಮುಂಚೆ ನೂರಿನ್ನೂರು ಗುಂಡನ್ನಾದರೂ ಒಂದೂ ತಡೆ ಇಲ್ಲದೆ ಹಾರಿಸಿ ನೋಡ್ತಾರೆ. ದೊಡ್ಡಪ್ಪನ ಲೈಸೆನ್ಸಿನಲ್ಲಿ ವರ್ಷಕ್ಕೆ 50 ಕಾಡತೂಸು ಅಂತ ಬರೆದಿದೆ. ಅದನ್ನಷ್ಟೂ ಪರೀಕ್ಷೆಗೇ ಸುರಿದರೂ ನಾಲ್ಕು ವರ್ಷ ಬೇಕು. ತೋಟದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ನೋಡೋಣ ಅಂದರೆ, ಆತ್ಮರಕ್ಷಣೆಗೆ ಕೊಟ್ಟ ಲೈಸೆನ್ಸ್ ಅದು, ಠಾಣೆಯವರು ಬಂದು ಕೇಳ್ತಾರೆ. ಟೆಸ್ಟ್ ಮಾಡೋಕಾಗದ ರಿಪೇರಿಯನ್ನು ರಿಪೇರಿ ಅಂತ ಹೇಗೆ ಕರೆಯೋದು? ‘ಸರಿಹೋಗಿರಬಹುದು’ ಅನ್ನೋ ಪಿಸ್ತೂಲು ಕೆಟ್ಟಿದೆ ಅಂತ ಗೊತ್ತಿರೋದಕ್ಕಿಂತ ಅಪಾಯ, ಯಾಕಂದ್ರೆ ಅದನ್ನು ನಂಬಿ ನೀವು ಬಾಗಿಲು ತೆಗೀತೀರಿ.

ನಮ್ಮೂರಲ್ಲೇ ಸೈಯದ್ ಘನಿ ಖಾನ್ ಅವರ ಭತ್ತದ ಮ್ಯೂಸಿಯಂ ಇದೆ, ನೂರಾರು ದೇಸಿ ತಳಿಗಳನ್ನು ಉಳಿಸಿದ್ದಾರೆ. ಹೋಗಿ ನೋಡಿದವರಿಗೆ ಗೊತ್ತು, ಡಬ್ಬಿಯಲ್ಲಿ ಲೇಬಲ್ ಅಂಟಿಸಿ ಇಟ್ಟುಬಿಟ್ಟರೆ ಬೀಜ ಮೊಳಕೆ ಮರೆತುಬಿಡುತ್ತೆ. ಮತ್ತೆ ಮತ್ತೆ ಬಿತ್ತಿ ಬೆಳೆದರೇನೇ ತಳಿ ಉಳಿಯೋದು. ದೊಡ್ಡಪ್ಪ ಪಿಸ್ತೂಲನ್ನೂ ‘ಉಳಿಸಿಕೊಂಡಿದೀನಿ’ ಅಂತಾರೆ. ಆಯುಧಪೂಜೆಗೊಂದು ದಿನ ಅರಿಶಿನ ಕುಂಕುಮ, ಮಿಕ್ಕ ದಿನ ಬೀರು.

ಒಂದು ಕಾಲಕ್ಕೆ ಅದಕ್ಕೆ ಕೆಲಸ ಇತ್ತು. ಮಂಡ್ಯದ ಮಾರ್ಕೆಟ್ಟಿಗೆ ಬೆಲ್ಲ ಹಾಕಿ, ನೋಟಿನ ಕಟ್ಟು ಟವೆಲಲ್ಲಿ ಸುತ್ತಿಕೊಂಡು ರಾತ್ರಿ ಒಬ್ಬರೇ ಬರ್ತಿದ್ದ ದಿನಗಳು. ಈಗ ದುಡ್ಡು ಖಾತೆಗೆ ಬೀಳುತ್ತೆ. ಇವತ್ತಿನ ಭಯ ಅಂದರೆ ಕಬ್ಬಿನ ಗದ್ದೆಯ ಚಿರತೆ. ಅದರ ಮೇಲೆ ಗುಂಡು ಹಾರಿಸಿದರೆ 1972ರ ವನ್ಯಜೀವಿ ಕಾಯ್ದೆ ಕೆಳಗೆ ಜೈಲು. ಅಷ್ಟು ಸಣ್ಣ ಗುಂಡಿಗೆ ಚಿರತೆ ಸಾಯದೆ ಕೆರಳಿದರೆ ಇನ್ನೂ ಕಷ್ಟ.

ಇಷ್ಟೆಲ್ಲ ಲೆಕ್ಕ ಹೇಳಿದರೂ ದೊಡ್ಡಪ್ಪ ಜಗ್ಗಲಿಲ್ಲ. ಜಗ್ಗಿಸಿದ್ದು ದೊಡ್ಡಮ್ಮ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಸಾವಿನ ಸುದ್ದಿ ದಿನಾ ಪೇಪರಲ್ಲಿ ಬರ್ತಿತ್ತಲ್ಲ, ಆ ವರ್ಷ ಇವರ ಮನೆಯಲ್ಲೂ ಸಾಲ ಇತ್ತು. ‘ಆಗ ಮೂರು ತಿಂಗ್ಳು ಬೀರು ಬೀಗದ ಕೈಯ ಕಡ್ಲೆಬೇಳೆ ಡಬ್ಬದಾಗೆ ಮಡಗಿದ್ದೆ ಕಣಪ್ಪ. ಇವ್ರು ಕೇಳ್ಲೂ ಇಲ್ಲ, ನಾನು ಹೇಳ್ಲೂ ಇಲ್ಲ’ ಅಂದರು. ಕಳ್ಳನ ಎದುರು ಸಿಕ್ಕಿಕೊಳ್ಳೋ ಪಿಸ್ತೂಲು ಮನೆಯವರ ಮೇಲೆ ಮೊದಲನೇ ಗುಂಡಿಗೇ ಸಿಕ್ಕಿಕೊಳ್ಳುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ದೊಡ್ಡಪ್ಪ ಎದ್ದು ಹಟ್ಟಿ ಕಡೆ ಹೋದರು. ಸಂಜೆ ಬಂದು, ‘ಮಾರದೇ ಸರಿ’ ಅಂದರು.

ಮಾರೋದೂ ಒಎಲ್‌ಎಕ್ಸ್‌ನಲ್ಲಿ ಹಾಕಿದಷ್ಟು ಸುಲಭ ಅಲ್ಲ. ಕೊಳ್ಳೋರಿಗೆ ಅದೇ ಅಳತೆಯ ಪಿಸ್ತೂಲಿಗೆ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರೋ ಹಾಗಿಲ್ಲ. ಮಾರೋ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ, ಕನಿಷ್ಠ 45 ದಿನ ಕಾಯಬೇಕು.

ಅದು ಸಿಕ್ಕಿಕೊಳ್ಳೋ ವಿಷಯ ಕೊಳ್ಳೋರಿಗೆ ಹೇಳಬೇಕಾ ಅನ್ನೋದಕ್ಕೂ ಒಂದು ಜಗಳ ಆಯ್ತು. ‘ಎತ್ತು ಮಾರೋವಾಗ ಒದೀತದೆ ಅಂತ ಯಾರ್ಲಾ ಹೇಳ್ತಾರೆ?’ ಅಂದರು ದೊಡ್ಡಪ್ಪ. ಒದೆಯೋ ಎತ್ತನ್ನು ವಾಪಸ್ ತಂದು ಕಟ್ಟಬಹುದು ದೊಡ್ಡಪ್ಪ, ಇದನ್ನು ನಂಬಿ ನಿಂತ ಮನುಷ್ಯ ವಾಪಸ್ ಬರಲ್ಲ ಅಂದೆ. ಹತ್ತಕ್ಕೆ ಮೂರು ಸಲ ಅಂತ ಕಾಗದದಲ್ಲೇ ಬರೆಸಿದೆವು. ಬೆಲೆ ಅರ್ಧಕ್ಕಿಂತ ಕೆಳಗೆ ಬಂತು. ಹಳೇ ಪಿಸ್ತೂಲು ಕೂಡಿಡೋ ಶೋಕಿ ಇರುವ ಮೈಸೂರಿನವರೊಬ್ಬರು ಒಪ್ಪಿದ್ದಾರೆ, ಅವರಿಗೂ ಹಾರಿಸೋ ಉದ್ದೇಶ ಇಲ್ಲ.

ಈಗ 45 ದಿನದಲ್ಲಿ ಹನ್ನೆರಡು ಕಳೆದಿದೆ. ಪಿಸ್ತೂಲು, ಉಳಿದ ಕಾಡತೂಸು ಎರಡೂ ಡೀಲರ್ ಅಂಗಡಿಯ ಸೇಫಿನಲ್ಲಿವೆ, ರಸೀದಿ ದೊಡ್ಡಮ್ಮನ ಹತ್ತಿರ. ಲೈಸೆನ್ಸ್ ಪುಸ್ತಕವನ್ನೂ ಒಪ್ಪಿಸಿಬಿಡೋಣ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಅದೊಂದು ಇರ್ಲಿ ಬುಡ್ಲಾ, ಅದೇನು ಉಣ್ಣಕ್ ಕೇಳ್ತದಾ?’ ಅಂದರು.