ಧಣಿ ಸತ್ತ ಮೇಲೆ ಕಾಡು ಯಾರದ್ದು?

ಕಾಡಂಚಿನ ಊರೊಂದು ಕನ್ನಡದ ತೆರೆಯ ಮೇಲೆ ಬಂದರೆ ಸಾಕು, ಮುಂದಿನ ಕತೆಯನ್ನು ಪ್ರೇಕ್ಷಕರೇ ಹೇಳಿಬಿಡುತ್ತಾರೆ. ಬಿಡದೆ ಸುರಿಯುವ ಮಳೆ, ಜಗಲಿಯಲ್ಲಿ ಕೂತು ಕವಳ ಜಗಿಯುವ ಧಣಿ, ಜೀಪಿನಿಂದ ಇಳಿಯುತ್ತಲೇ ಊರವರ ಮೇಲೆ ಹರಿಹಾಯುವ ಅರಣ್ಯಾಧಿಕಾರಿ, ಉಡಾಫೆಯವನಾದರೂ ಮನಸ್ಸು ಬಂಗಾರವಾಗಿರುವ ನಾಯಕ. ಕೊನೆಗೆ ದೈವದ ಆವೇಶ, ಅದರ ಹಿಂದೆಯೇ ಧಣಿಯ ಹೆಣ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ಈ ಅಚ್ಚು ಇನ್ನಷ್ಟು ಗಟ್ಟಿಯಾಯಿತು. ಅದರ ಬೆನ್ನಿಗೇ ಜಗಳವೂ ಹುಟ್ಟಿತು. ದೈವವನ್ನು ತೆರೆಗೆ ತರುವುದೇ ಅಪಚಾರ ಎಂದು ತುಳುನಾಡಿನ ಆರಾಧಕರಲ್ಲಿ ಹಲವರು ಸಿಟ್ಟಾದರು. ದೈವದ ವೇಷ ಹಾಕಿ ಚಿತ್ರಮಂದಿರಕ್ಕೆ ಬರಬೇಡಿ ಎಂದು ಚಿತ್ರತಂಡವೇ ಬೇಡಿಕೊಳ್ಳಬೇಕಾಯಿತು. 2025ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯ ಮೇಲೆ ಆ ಆವೇಶವನ್ನು ಅಣಕಿಸಿದ ಹಿಂದಿ ನಟ ರಣವೀರ್ ಸಿಂಗ್ ಕ್ಷಮೆ ಕೇಳಿದರು. ಇಷ್ಟೆಲ್ಲ ಗದ್ದಲ ನಡೆದದ್ದು ಪಾವಿತ್ರ್ಯದ ಸುತ್ತಲೇ. ಈ ಕತೆಗಳು ಕಾಡಿನ ಬಗ್ಗೆ, ಕಾಡಿನಲ್ಲಿರುವವರ ಬಗ್ಗೆ ಹೇಳುತ್ತಿರುವುದು ನಿಜವೇ ಎಂದು ಕೇಳಿದವರು ಕಡಿಮೆ. ನನ್ನ ತಕರಾರು ಅಲ್ಲಿದೆ. ಧಣಿ, ಅಧಿಕಾರಿ, ದೈವ ಎಂಬ ಈ ಮೂರು ಕಂಬದ ಚಪ್ಪರದಡಿ ಕಾಡಿನವರ ನಿಜವಾದ ಎದುರಾಳಿ ಕಾಣದೇ ಹೋಗುತ್ತಾನೆ. ಆ ಎದುರಾಳಿ ಮನುಷ್ಯನಲ್ಲ, ಕಡತ.

ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಕೆರೆಕಟ್ಟೆಯನ್ನೇ ನೋಡಿ. ಸಿನಿಮಾದವರಿಗೆ ಬೇಕಾದ ಮಳೆ, ಮಂಜು, ಜಿಗಣೆ ಎಲ್ಲವೂ ಅಲ್ಲಿವೆ. ಸುತ್ತ ಇರುವುದು 1987ರಲ್ಲಿ ಮೊದಲ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ ಕಂಡ, ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಈ ಎರಡು ಇಸವಿಗಳ ನಡುವಿನ ಹದಿನಾಲ್ಕು ವರ್ಷಗಳಲ್ಲಿ ಒಂದು ಇಡೀ ತಲೆಮಾರು ತನ್ನ ಗದ್ದೆ ಉದ್ಯಾನದ ಒಳಗೋ ಹೊರಗೋ ಎಂದು ತಿಳಿಯದೆ ಬೆಳೆಯಿತು. ಅಂಥ ಊರುಗಳ ಮಾತಿನಲ್ಲಿ ಖಳನಾಯಕನ ಹೆಸರು ಬರುವುದಿಲ್ಲ. ಸೆಕ್ಷನ್ 4, ಡೀಮ್ಡ್ ಫಾರೆಸ್ಟ್, ಒತ್ತುವರಿ, ಜಂಟಿ ಸರ್ವೆ, 94ಸಿ ಎಂಬ ಮಾತುಗಳು ಬರುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಎಂದರೆ 75 ವರ್ಷ, ತಾವು ಕಾಡನ್ನೇ ನಂಬಿ ಅಲ್ಲೇ ಇದ್ದೆವೆಂದು ತೋರಿಸಬೇಕು. ಪರಿಶಿಷ್ಟ ಪಂಗಡದ ಮಲೆಕುಡಿಯರಿಗೆ ಈ ಷರತ್ತಿಲ್ಲ, ಪಕ್ಕದ ಮನೆಯವರಿಗೆ ಇದೆ. ಒಂದೇ ಹಳ್ಳದ ನೀರು ಕುಡಿಯುವ ಎರಡು ಮನೆಗಳ ನಡುವೆ ಕಾನೂನು ಎಳೆದ ಈ ಗೆರೆಗಿಂತ ದೊಡ್ಡ ನಾಟಕೀಯ ಸಂದರ್ಭ ಯಾವ ಚಿತ್ರಕತೆಗಾರನಿಗೆ ಬೇಕು? 2025ರ ಅಕ್ಟೋಬರ್ ಕೊನೆಯಲ್ಲಿ ಕೆರೆಕಟ್ಟೆಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ಅಲ್ಲೇ ಉಳಿಯುತ್ತೇವೆ ಎನ್ನುವವರೂ, ನಮ್ಮನ್ನು ಹೊರಗೆ ಕಳಿಸಿಬಿಡಿ ಎನ್ನುವವರೂ ಇರುವ ಸೀಮೆ ಇದು. ಊರೆಲ್ಲ ಒಗ್ಗಟ್ಟಾಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ ಎಂಬ ಸಿನಿಮಾದ ಊಹೆ ಇಲ್ಲಿ ನಿಲ್ಲುವುದಿಲ್ಲ.

‘ಕಾಂತಾರ’ಕ್ಕೆ ಅನ್ಯಾಯ ಮಾಡಬಾರದು. ಅದರ ಅನುಕರಣೆಗಳಲ್ಲಿ ಕಾಣದ ಹಲವು ಸಂಗತಿಗಳು ಅದರಲ್ಲಿವೆ. ಕಟ್ಟಿಗೆಗೆ ತಡೆ, ಬೇಟೆಗೆ ತಡೆ, ಗಡಿ ಗುರುತಿನ ಜಗಳ ಎಲ್ಲವೂ ಬರುತ್ತವೆ. ಅಧಿಕಾರಿ ಮುರಳಿ ಪೂರಾ ಖಳನೂ ಅಲ್ಲ. ಆದರೆ ಕತೆ ಕಾನೂನಿನ ದಾರಿಯ ಬಾಗಿಲನ್ನು ಆರಂಭದಲ್ಲೇ ಹಾಕಿಬಿಡುತ್ತದೆ. ಜನರಿಗೆ ಕೊಟ್ಟ ಭೂಮಿ ವಾಪಸು ಬೇಕೆಂದು ರಾಜವಂಶದವನೊಬ್ಬ ಕೋರ್ಟಿಗೆ ಹೊರಡುತ್ತಾನೆ, ಕೋರ್ಟಿನ ಮೆಟ್ಟಿಲ ಮೇಲೆಯೇ ರಕ್ತ ಕಾರಿ ಸಾಯುತ್ತಾನೆ. ಚಿತ್ರಮಂದಿರ ಚಪ್ಪಾಳೆ ತಟ್ಟುತ್ತದೆ, ವಾದ ಮಾತ್ರ ನಡೆಯುವುದೇ ಇಲ್ಲ. ಕೊನೆಯಲ್ಲಿ ಧಣಿ ಸತ್ತು, ದೈವ ಅಧಿಕಾರಿಯ ಕೈಯನ್ನು ಊರವರ ಕೈಗೆ ಸೇರಿಸಿ ಕಾಡಿನಲ್ಲಿ ಮರೆಯಾಗುತ್ತದೆ. ಸರಿ, ಅರಣ್ಯ ಇಲಾಖೆ ಹಾಕಿಸಿದ ಬೇಲಿ ಮರುದಿನ ಬೆಳಿಗ್ಗೆ ಎಲ್ಲಿತ್ತು? ಮೀಸಲು ಅರಣ್ಯದ ಅಧಿಸೂಚನೆ ರದ್ದಾಯಿತೇ? ಮುರಳಿಗೆ ವರ್ಗವಾಗಿ ಬೇರೊಬ್ಬ ಬಂದರೆ ಅವನ ಕೈಯನ್ನು ಯಾರು ಹಿಡಿಯುತ್ತಾರೆ?

ಧಣಿಯ ಪಾತ್ರವಂತೂ ಇತಿಹಾಸಕ್ಕೇ ಹೊಂದುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿ ಅತಿ ಹೆಚ್ಚು ಫಲ ಕೊಟ್ಟ ಸೀಮೆಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡವೂ ಒಂದು. ಗೇಣಿದಾರರು ಡಿಕ್ಲರೇಶನ್ ಹಾಕಿದರು, ಭೂ ನ್ಯಾಯಮಂಡಳಿಯ ಮುಂದೆ ಒಡೆಯನ ಎದುರೇ ನಿಂತು ಮಾತಾಡಿದರು, ಗದ್ದೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಧಣಿ ಅಲ್ಲಿಗೆ ಮಾಯವಾದನೆಂದಲ್ಲ, ಗತ್ತು ಗಾಂಭೀರ್ಯ ಬಹುಕಾಲ ಉಳಿಯಿತು. ಆದರೆ ಈ ಚಿತ್ರ ತೋರಿಸುವ 1990ರ ಊರೊಂದರಲ್ಲಿ ಕಾಡಂಚಿನವರ ನಿದ್ದೆಗೆಡಿಸಿದ್ದು ಧಣಿಯೇ ಎನ್ನುವುದು, ಅವನನ್ನು ಕಾಗದದ ಮೇಲೆ ಸೋಲಿಸಿದ ಆ ಗೇಣಿದಾರರ ಗೆಲುವನ್ನೇ ಅಳಿಸಿಹಾಕಿದಂತೆ. ಧಣಿಯನ್ನು ಬೈದರೆ ಯಾರಿಗೂ ಕೋಪ ಬರುವುದಿಲ್ಲ. ಇಂದಿನ ಸರ್ಕಾರ, ಇಂದಿನ ಕಾಯ್ದೆ, ಇಂದಿನ ಪರಿಸರ ನೀತಿಯ ಬಗ್ಗೆ ಮಾತಾಡಲು ಧೈರ್ಯ ಬೇಕು, ಅದಕ್ಕೂ ಮೊದಲು ಓದು ಬೇಕು.

‘ಕಾಂತಾರ’ದ ನಾಯಕಿ ಲೀಲಾಳ ಪಾತ್ರಕ್ಕೆ ಆದದ್ದು ಇನ್ನೂ ಬೇಸರ. ಊರಿನ ಹುಡುಗಿ ಅರಣ್ಯ ರಕ್ಷಕಿಯಾಗಿ ಸಮವಸ್ತ್ರ ಹಾಕಿಕೊಂಡು ತನ್ನವರ ಎದುರೇ ಬೇಲಿ ಹಾಕುವ ತಂಡದ ಜತೆ ನಿಲ್ಲಬೇಕಾಗುತ್ತದೆ. ಇಲಾಖೆಯ ಸಂಬಳವನ್ನೇ ನಂಬಿದ ವಾಚರ್‌ಗಳಿರುವ ಮಲೆನಾಡಿನಲ್ಲಿ ಇದು ಕಟ್ಟುಕತೆಯಲ್ಲ. ಆದರೆ ಚಿತ್ರ ಅವಳಿಗೆ ಕೊಟ್ಟದ್ದೇನು? ನಾಯಕ ಸೊಂಟ ಚಿವುಟುತ್ತಾನೆ, ಅವಳು ಒಲಿಯುತ್ತಾಳೆ. ಷೇಕ್ಸ್‌ಪಿಯರನ ಬಜಾರಿಯನ್ನು ಪರ್ವತವಾಣಿ ಕನ್ನಡಕ್ಕೆ ತಂದು, ಅದು 1976ರಲ್ಲಿ ‘ಬಹದ್ದೂರ್ ಗಂಡು’ ಆಗಿ, 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ಓಡಿದ ಕಾಲದಿಂದಲೂ ಗಟ್ಟಿ ಹೆಣ್ಣನ್ನು ಪಳಗಿಸುವುದು ನಮ್ಮ ತೆರೆಯ ನೆಚ್ಚಿನ ಕಸುಬು. ಆ ಚಿತ್ರಗಳಿಗೆ ಹಾಸ್ಯದ ನೆಪವಾದರೂ ಇತ್ತು.

ಒಂದು ಆಕ್ಷೇಪವನ್ನು ಇಲ್ಲಿ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಪುನರಾವರ್ತನೆಯೇ ದೋಷವಾದರೆ ನಮ್ಮ ಜನಪದ ರಂಗಭೂಮಿಯನ್ನೆಲ್ಲ ಮುಚ್ಚಬೇಕಲ್ಲ? ಕೃಷ್ಣ ಸಂಧಾನ ಮುರಿಯುತ್ತದೆಂದು ಗೊತ್ತಿದ್ದೂ ಕೊಪ್ಪ ಶೃಂಗೇರಿ ಕಡೆಯ ಜನ ತಾಳಮದ್ದಲೆಗೆ ರಾತ್ರಿಯಿಡೀ ಕೂರುವುದಿಲ್ಲವೇ? ಕೂರುತ್ತಾರೆ. ಅವರು ಬರುವುದು ಯಾರು ಗೆಲ್ಲುತ್ತಾರೆಂದು ನೋಡಲು ಅಲ್ಲ, ಇವತ್ತಿನ ಕೌರವ ಏನು ವಾದ ಹೂಡುತ್ತಾನೆಂದು ಕೇಳಲು. ಪ್ರಸಂಗ ಹಳೆಯದಾದರೂ ಅರ್ಥ ಪ್ರತಿ ಸಲವೂ ಹೊಸದು, ಎದುರಾಳಿಯ ಮಾತಿಗೂ ಅಷ್ಟೇ ಮರ್ಯಾದೆ. ತೆರೆಯ ಮೇಲಿನ ಅಚ್ಚಿನಲ್ಲಿ ಪ್ರಸಂಗ ಉಳಿದಿದೆ, ಅರ್ಥಗಾರಿಕೆ ಹೋಗಿದೆ. ದೈವದ ವಿಷಯವೂ ಹಾಗೇ. ಕೋಲದಲ್ಲಿ ಕುಣಿತದಷ್ಟೇ ಮುಖ್ಯವಾದದ್ದು ನುಡಿ. ಜನ ದೂರು ಹೇಳಿಕೊಳ್ಳುತ್ತಾರೆ, ಎರಡೂ ಕಡೆಯವರನ್ನು ದೈವ ಕೇಳುತ್ತದೆ, ತೀರ್ಪು ಕೊಡುತ್ತದೆ. ಅದೊಂದು ನ್ಯಾಯಸ್ಥಾನ. ಸಿನಿಮಾ ಅದರಿಂದ ಕೂಗು, ಬೆಂಕಿ, ನೆಗೆತಗಳನ್ನು ಎತ್ತಿಕೊಂಡು ವಿಚಾರಣೆಯನ್ನು ಬಿಟ್ಟುಬಿಡುತ್ತದೆ. ದೈವವನ್ನು ತೆರೆಯಿಂದಲೇ ದೂರ ಇಡಿ ಎನ್ನುವವರ ಜತೆ ನಾನಿಲ್ಲ. ತರುವುದಾದರೆ ನ್ಯಾಯಸ್ಥಾನವನ್ನೂ ಸೇರಿಸಿ ತನ್ನಿ.

ಸಿನಿಮಾ ಸಾಕ್ಷ್ಯಚಿತ್ರವಲ್ಲ, ತಹಶೀಲ್ದಾರರ ಕಚೇರಿಯ ಫೈಲು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ ಎನ್ನುತ್ತಾರೆ ನಿರ್ಮಾಪಕರು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಿದವರು ಹಾಗೆ ಹೇಳಲಾರರು. ನಾ. ಡಿಸೋಜರ ಕಾದಂಬರಿಯಿಂದ ಹುಟ್ಟಿದ ಆ ಚಿತ್ರದಲ್ಲಿ ಮಳೆ ಹಿನ್ನೆಲೆಯಲ್ಲ, ಹಿನ್ನೀರನ್ನು ಮನೆಬಾಗಿಲಿಗೆ ತರುವ ಕಾರಣ. ಪರಿಹಾರ ಪಡೆದು ಹೊರಡಬೇಕೋ ಉಳಿಯಬೇಕೋ ಎಂಬ ಪ್ರಶ್ನೆ ಅಡುಗೆಮನೆಯವರೆಗೂ ಬರುತ್ತದೆ. ಅದು ಪ್ರಶಸ್ತಿ ಚಿತ್ರ, ಜನರ ಚಿತ್ರವಲ್ಲ ಎಂದು ಮೂಗು ಮುರಿದರೆ ಕಿರುತೆರೆಗೇ ಬರೋಣ. ‘ಮಾಯಾಮೃಗ’ದ ದಿನಗಳಿಂದ ‘ಮುಕ್ತ’ದವರೆಗೆ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಗಾಗಿ ಮನೆಮಂದಿಯೆಲ್ಲ ಟಿವಿ ಮುಂದೆ ಕಾದು ಕೂತದ್ದುಂಟು. ವರ್ಷಗಟ್ಟಲೆ ಎಳೆಯುವ ಧಾರಾವಾಹಿಗೂ ವಾಯಿದೆ ಮೇಲೆ ವಾಯಿದೆ ಬೀಳುವ ಭೂಮಿಯ ಕೇಸಿಗೂ ಹೇಳಿ ಮಾಡಿಸಿದ ಜೋಡಿ. ನೆನಪು ಹೋದ ಸೊಸೆಗೆ ಮೀಸಲಾದ ಕಂತುಗಳಲ್ಲಿ ಕಾಲುಭಾಗ ಅಂಥ ಕೇಸಿಗೆ ಸಾಕು. ಅರಣ್ಯ ಹಕ್ಕು ಸಮಿತಿಯ ಮುಂದೆ ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವಾಗಬಹುದು ಎನ್ನುತ್ತದೆ ನಿಯಮ. ಎಂಬತ್ತರ ಅಜ್ಜಿಯೊಬ್ಬಳು ಯಾರ ಪರ ಸಾಕ್ಷಿ ಹೇಳುತ್ತಾಳೆಂಬುದೇ ಒಂದು ವಾರದ ಕತೆ. ಬಂದೂಕೇ ಬೇಕು ಎನ್ನುವವರಿಗೂ ಈ ಸೀಮೆಯಲ್ಲಿ ವಸ್ತುವಿದೆ. ಎರಡು ದಶಕ ಕಾಡಿನಲ್ಲಿದ್ದ ಮುಂಡಗಾರು ಲತಾ ಮತ್ತು ಐವರು ಸಂಗಾತಿಗಳ ನಕ್ಸಲ್ ಬದುಕು 2025ರ ಜನವರಿ 8ರಂದು ಮುಗಿದದ್ದು ಗುಂಡಿನ ಚಕಮಕಿಯಲ್ಲಿ ಅಲ್ಲ, ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ. ಧಣಿಯೂ ಇಲ್ಲದ, ಆವೇಶವೂ ಇಲ್ಲದ ಆ ಕತೆಯನ್ನು ಯಾವ ನಿರ್ದೇಶಕರು ಮೊದಲು ಕೈಗೆತ್ತಿಕೊಳ್ಳುತ್ತಾರೋ ನೋಡಬೇಕು.