ದರಕಿನ ದಿನಗಳಲ್ಲಿ ಕೊಟ್ಟಿಗೆ

ಬಯಲುಸೀಮೆಯ ಕುರಿಗಾರರಿಗೆ ಚಳಿಗಾಲವೆಂದರೆ ಎಳೆಮರಿಗಳನ್ನು ಇಬ್ಬನಿಯಿಂದ ಕಾಪಾಡುವ ಕಾಲ. ಆದರೆ ಶಿರಸಿ ತಾಲ್ಲೂಕಿನ ವಾನಳ್ಳಿಯಂಥ ಮಲೆನಾಡಿನ ಊರುಗಳ ತೇವದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಹಾಗಾಗಿ ಇಲ್ಲಿನ ಕೊಟ್ಟಿಗೆ ದನಗಳದ್ದು. ಮಲೆನಾಡು ಗಿಡ್ಡ ದನಕ್ಕೆ ಈ ಚಳಿ ದೊಡ್ಡ ತೊಂದರೆಯಲ್ಲ. ಈ ತಿಂಗಳುಗಳಲ್ಲಿ ನೋಡಿಕೊಳ್ಳಬೇಕಾದದ್ದು ಅದರ ಕಾಲಡಿಯ ಹಾಸು ಮತ್ತು ಮೈಮೇಲಿನ ಉಣುಗು.

ಮಳೆಗಾಲದಲ್ಲಿ ಕೊಟ್ಟಿಗೆಗೆ ಹಸಿ ಸೊಪ್ಪು ಹಾಸುತ್ತಾರೆ. ಚಳಿಗಾಲದಲ್ಲಿ ಎಲೆ ಉದುರತೊಡಗಿದ ಮೇಲೆ ದರಕು, ಅಂದರೆ ಒಣಗಿದ ಎಲೆ, ಬರುತ್ತದೆ. ಸಗಣಿ, ಗಂಜಲ ಸೇರಿ ಅದೇ ಅಡಿಕೆ ತೋಟದ ಗೊಬ್ಬರವಾಗುತ್ತದೆ. ಈ ನಂಟು ಎಷ್ಟು ಗಟ್ಟಿ ಎಂದರೆ, ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು, ದರಕು ತರುವ ಕಾಡಿನ, ಸೌಲಭ್ಯವನ್ನು ಬ್ರಿಟಿಷರ ಕಾಲದಲ್ಲೇ ಒಪ್ಪಲಾಗಿತ್ತು. ಹಾಗಾಗಿ ದರಕು ಗುಡಿಸಬೇಡಿ ಎಂದು ರೈತರಿಗೆ ಹೇಳುವುದು ಸುಲಭದ ಮಾತಲ್ಲ.

ಆದರೆ ದರಕಿನ ಜೊತೆ ಉಣುಗೂ ಬರುತ್ತದೆ. ಮಂಗನ ಕಾಯಿಲೆ ಎಂಬ ಜ್ವರವನ್ನು ಹರಡುವ ಉಣುಗಿನ ಬದುಕಿನಲ್ಲಿ ಮೂರು ಹಂತಗಳಿವೆ. ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಆರೇ ಕಾಲು. ಆಗ ಇಲಿ, ಹಕ್ಕಿ, ಮಂಗಗಳ ರಕ್ತ ಹೀರುತ್ತದೆ. ಕಳಚಿ ಬಿದ್ದು, ಪೊರೆ ಬಿಟ್ಟು, ಎಂಟು ಕಾಲಿನ ಮರಿಯಾಗುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಮರಿ. ಸಾಸಿವೆಗಿಂತ ದೊಡ್ಡದಲ್ಲದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ, ಮತ್ತು ಅದರ ಸಂಖ್ಯೆ ಏರುವುದು ದರಕು ಗುಡಿಸುವ ತಿಂಗಳುಗಳಲ್ಲೇ. ಬಲಿತ ಉಣುಗು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ.

ಇಲ್ಲಿ ದನದ ಪಾತ್ರವನ್ನು ಸರಿಯಾಗಿ ತಿಳಿಯಬೇಕು. ಕಾಯಿಲೆಯ ವೈರಸ್ ದನದ ಮೈಯಲ್ಲಿ ಹೆಚ್ಚು ಬೆಳೆಯುವುದಿಲ್ಲ. ಅದನ್ನು ಬೆಳೆಸಿ ಉಣುಗಿಗೆ ದಾಟಿಸುವುದು ಮುಸಿಯ, ಮಂಗ ಮತ್ತು ಕಾಡಿನ ಸಣ್ಣ ಪ್ರಾಣಿಗಳು. ದನ ಮಾಡುವುದು ಉಣುಗಿನ ಸಂತತಿಯನ್ನು ಹೆಚ್ಚಿಸುವ ಕೆಲಸ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಅಂಥ ಜಾಗದಲ್ಲಿ ದರಕು ಗುಡಿಸುವುದಾಗಲಿ ದನ ಮೇಯಿಸುವುದಾಗಲಿ ಬೇಡ. ಮೊದಲು ಆರೋಗ್ಯ ಇಲಾಖೆಗೆ ತಿಳಿಸಬೇಕು.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಮತ್ತೆ ಸಾವುಗಳನ್ನು ಕಂಡಿತು. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಶಿವಮೊಗ್ಗ ಜಿಲ್ಲೆಯ 2011–12ರ ಹಾವಳಿಯನ್ನು ಪರಿಶೀಲಿಸಿದವರು, ಮನೆಯ ಆವರಣದಲ್ಲಿ ಒಣಎಲೆಯ ರಾಶಿ ಇದ್ದವರಿಗೆ ಅಪಾಯ ಹೆಚ್ಚೆಂದು ಕಂಡರು.

ಆದ್ದರಿಂದ ದರಕಿನ ರಾಶಿ ಮನೆಯ ಬಾಗಿಲಿಂದ ದೂರ ಇರಲಿ. ಗುಡಿಸಲು ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ತೆರೆದ ಜಾಗಕ್ಕೆ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಬೇಕು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ದನದ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ಉಣುಗು ಹುಡುಕಬೇಕು. ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕಬಾರದು. ಔಷಧವನ್ನು ಪಶುವೈದ್ಯರನ್ನು ಕೇಳಿಯೇ ಹಾಕಬೇಕು, ಏಕೆಂದರೆ ಕೆಲವು ಔಷಧಗಳ ಅಂಶ ಹಾಲಿನಲ್ಲಿ ಉಳಿಯುತ್ತದೆ.

ಇದೆಲ್ಲವನ್ನೂ ಮನೆಯವರ ಜಾಗ್ರತೆಗೇ ಬಿಡುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ. ಬಲಿತ ಉಣುಗು ದನವನ್ನು ಹತ್ತುವುದು ಮಳೆಗಾಲದಲ್ಲಿ. ಪಶುಸಂಗೋಪನಾ ಇಲಾಖೆಯ ಔಷಧ ಆಗಲೇ ಕೊಟ್ಟಿಗೆಗೆ ಬರಬೇಕು. ಡೀಪಾ ಎಣ್ಣೆಯೂ ಜ್ವರದ ಸುದ್ದಿ ಬಂದ ಮೇಲಲ್ಲ, ನವೆಂಬರ್‌ನಲ್ಲೇ ದರಕು ಗುಡಿಸುವ ಹೆಂಗಸರ ಕೈ ಸೇರಿರಬೇಕು.