ಸಾಲ ಸಿಗುತ್ತದೆ, ಲೆಕ್ಕ ಬರುತ್ತದೆಯೇ?

‘ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಸ್ವಂತ ಅಂಗಡಿ ಇಡೋಣ’ ಎನ್ನುವವರು ಮೊದಲು ಯೋಚಿಸುವುದು ಬಂಡವಾಳದ ಬಗ್ಗೆ. ಅದಕ್ಕಾದರೂ ದಾರಿಗಳಿವೆ: 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಉಂಟು, ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ನಿಜವಾದ ಪರೀಕ್ಷೆ ಲೆಕ್ಕದ ಪುಸ್ತಕದ್ದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಗಮನಿಸಿ, ಈ ಮಿತಿ ಲಾಭದ್ದಲ್ಲ, ವಹಿವಾಟಿನದು. ದಿನಕ್ಕೆ 11,000 ರೂಪಾಯಿ ವ್ಯಾಪಾರವಾದರೆ ಸಾಕು, ಕೈಯಲ್ಲಿ ಉಳಿದದ್ದು ಎಷ್ಟೇ ಇರಲಿ, ವರ್ಷದಲ್ಲಿ 40 ಲಕ್ಷ ದಾಟಿಬಿಡುತ್ತದೆ. ತೆರಿಗೆಯಿಲ್ಲದ ಹಾಲು, ತರಕಾರಿ ಮಾರಿದವರೂ ಅದನ್ನೇ ಮಾರಿದ್ದೆಂದು ತೋರಿಸಲು ದಾಖಲೆ ಹುಡುಕಬೇಕಾಯಿತು. ಆದ್ದರಿಂದ ರಾಜೀನಾಮೆ ಬರೆಯುವ ಮುನ್ನ ಮೂರು ತಿಂಗಳು ಮನೆಯ ಖರ್ಚನ್ನೇ ಒಂದು ರೂಪಾಯಿಯೂ ಬಿಡದೆ ಬರೆದಿಟ್ಟು ನೋಡಿ. ಅಷ್ಟಕ್ಕೇ ಬೇಸರ ಬಂದರೆ, ತಿಂಗಳ ಸಂಬಳವೇ ಲೇಸು.